ಅಪ್ಪನ ಲೇತಿಗೆ ಕಾಲಿನ ಬ್ರೇಕು

ಜನವರಿ 10, 1988. ಭಾನುವಾರ, ಮಧ್ಯಾಹ್ನ

ತಲೆಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದೇನೆ. ಮುಂದಿನ ಅಂಗಡಿಯಿಂದ ಕಬ್ಬಿಣ ಕಡೆಯುವ ಲೇತಿನ ಸದ್ದು. ಅಪ್ಪನಿಗೆ ಭಾನುವಾರವೂ ರಜೆ ಇಲ್ಲ. ಮುಂದೆ ವರ್ಕ್‌ಶಾಪು, ಹಿಂದೆ ಮನೆ, ನಡುವೆ ಒಂದೇ ಬಾಗಿಲು. ಅಡುಗೆಮನೆಯಲ್ಲಿ ಒಗ್ಗರಣೆ ಸಿಡಿದರೆ ಅಪ್ಪನಿಗೆ ಕೇಳುತ್ತದೆ, ಲೇತಿನಲ್ಲಿ ಟೂಲು ಕಿರುಗುಟ್ಟಿದರೆ ಅವ್ವನಿಗೆ.

ಸದ್ದು ನಿಂತ ರೀತಿಯಲ್ಲೇ ತಿಳಿಯಿತು — ಇವತ್ತೂ ಅದೇ. ಮೋಟರ್ ಆಫ್ ಮಾಡಿದ ಮೇಲೂ ಚಕ್ ಸುತ್ತುತ್ತಲೇ ಇರುತ್ತದೆ. ಮೂರು ದವಡೆಯಲ್ಲಿ ಕಬ್ಬಿಣ ಕಚ್ಚಿಕೊಂಡ ಅಷ್ಟು ಭಾರದ ಗುಂಡು, ತಾನಾಗಿ ನಿಲ್ಲಲು ಹೊತ್ತು ಬೇಕು. ಅಪ್ಪನಿಗೆ ಆ ತಾಳ್ಮೆ ಇಲ್ಲ. ತಿರುಗುವ ಚಕ್ಕಿನ ಮೇಲೆ ಅಂಗೈ ಇಟ್ಟು ಒತ್ತುತ್ತಾರೆ. ಎಮ್ಮೆಯ ಬೆನ್ನು ತಟ್ಟಿ ನಿಲ್ಲಿಸಿದ ಹಾಗೆ.

ಅವ್ವ ಸೌಟು ಹಿಡಿದೇ ಬಾಗಿಲಿಗೆ ಹೋದಳು.

"ಏನ್ರಿ, ಆ ಗಾಲಿ ಮ್ಯಾಲ ಕೈ ಇಡಬ್ಯಾಡ್ರಿ ಅಂತ ಎಷ್ಟು ಸರ್ತಿ ಹೇಳಬೇಕು ನಿಮಗ?"

"ನಿನ್ನ ಹೊಲಿಗಿ ಮಷೀನಿನ ಗಾಲಿ ನೀ ಯಾತರ್ಲೆ ನಿಂದ್ರಸ್ತೀ?"

"...ಕೈಲೆ."

"ಮತ್ತ?"

"ನನ್ನ ಮಷೀನು ಅರಿವಿ ತಿಂತೈತಿ. ನಿಮ್ಮದು ಕಬ್ಬಿಣ ತಿಂತೈತಿ. ನಿಮ್ಮ ಕೈ ಅದಕ್ಕ ಯಾವ ಲೆಕ್ಕ?"

ಅಪ್ಪ ಮೋಟರ್ ಆನ್ ಮಾಡಿಬಿಟ್ಟರು.

ಜನವರಿ 13, ಬುಧವಾರ. ಸಂಜೆ

ಆಫೀಸಿನಿಂದ ಬಂದಾಗ ಶಟರ್ ಅರ್ಧ ಇಳಿದಿತ್ತು. ಕೆಲಸದ ದಿನ ಹಾಗೆ ಕಂಡದ್ದೇ ಇಲ್ಲ. ಎದುರಿನ ಸ್ಕೂಟರ್ ಮೆಕ್ಯಾನಿಕ್ ರಾಮದಾಸ ರಸ್ತೆ ದಾಟಿ ಓಡಿ ಬಂದ.

"ಅಕ್ಕಾರ, ಗಾಬರಿ ಆಗಬ್ಯಾಡ್ರಿ. ಕಾಕಾರ ಕೈಗೆ ಹತ್ತೇತಿ. ದವಾಖಾನಿಗೆ ನಾನೇ ಕರ್ಕೊಂಡು ಹೋಗಿದ್ದೆ. ಈಗ ಒಳಗ ಮಲಗ್ಯಾರ."

ಗಾಬರಿ ಆಗಬೇಡಿ ಅಂದ ಮೇಲೆಯೇ ಗಾಬರಿ ಶುರು. ಚಪ್ಪಲಿ ಬಿಡದೆ ಒಳಗೆ ಹೋದೆ. ಅಪ್ಪ ಮಂಚದ ಮೇಲೆ. ಬಲಗೈ ಹೂಕೋಸಿನ ಹಾಗೆ ಬ್ಯಾಂಡೇಜಿನಲ್ಲಿ. ಚಕ್ಕಿನ ಒಂದು ದವಡೆ ಹೊರಗೆ ಚಾಚಿತ್ತಂತೆ, ಅಂಗೈ ಒತ್ತಿದಾಗ ಹೆಬ್ಬೆರಳಿನ ಬುಡ ಸೀಳಿದೆ. ಹೊಲಿಗೆ ಹಾಕಿದ್ದಾರೆ. ಮೂಳೆಗೆ ಏನೂ ಆಗಿಲ್ಲ. ಸ್ವಲ್ಪ ಆಚೆ ಹೋಗಿದ್ದರೆ ಹೆಬ್ಬೆರಳು ಇರುತ್ತಿರಲಿಲ್ಲ ಅಂದರಂತೆ ಡಾಕ್ಟರು.

"ಏನೂ ಆಗಿಲ್ಲ ಮಗಳ. ದವಡಿ ಹೊರಗಿದ್ದದ್ದು ನೋಡ್ಲಿಲ್ಲ, ಅಷ್ಟ." ಮುಖ ಮಾತ್ರ ಸುಣ್ಣ.

ಅವ್ವ ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು.

"ಬಾಡಿಗಿ ಸೈಕಲ್ಲಿಗೂ ಬ್ರೇಕ್ ಐತಿ. ರಿಕ್ಷಾಕ್ಕೂ ಐತಿ. ಈ ರಾಕ್ಷಸಗ ಒಂದು ಬ್ರೇಕ್ ಇಲ್ಲೇನು? ಬ್ರೇಕ್ ಇಲ್ಲದ ಮಷೀನಿನ ಮುಂದ ನೀವು ಇನ್ನ ನಿಂದ್ರಂಗಿಲ್ಲ. ನಿಂತ್ರ ನಾ ರಾಯಚೂರಿಗೆ ನಮ್ಮಣ್ಣನ ಮನಿಗೆ ಹೋಗಾಕಿ. ಹೇಳೀನಿ."

ಸುಮ್ಮನೆ ಹೇಳುವವಳಲ್ಲ ಅವ್ವ. ಅಪ್ಪ ನನ್ನ ಕಡೆ ನೋಡಿದರು. ಲೇತ್ ನಿಲ್ಲಿಸಿ ಅಂದರೆ ಈ ಮನುಷ್ಯ ಬೆಳಿಗ್ಗೆ ಎದ್ದು ಏನು ಮಾಡಬೇಕು? ಪೇಪರ್ ಓದುವವರಲ್ಲ, ಪಾರ್ಕಿಗೆ ಹೋಗುವವರಲ್ಲ.

ಬ್ರೇಕ್... ಹೌದಲ್ಲ. ನಾನು ಕೆಲಸ ಮಾಡುವ ಫ್ಯಾಕ್ಟರಿಯ ಹೊಸ ಲೇತುಗಳಿಗೆ ಕಾಲಡಿ ಪೆಡಲ್ ಇದೆ. ದಿನಾ ನೋಡುತ್ತೇನೆ. ಒತ್ತಿದರೆ ನಿಲ್ಲುತ್ತದೆ.

ಜನವರಿ 14, ಸಂಕ್ರಾಂತಿ

ಮೇಲೆ ಗಾಳಿಪಟ, ಕೆಳಗೆ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ. ಅಪ್ಪನಿಗೆ ಎಡಗೈಯಲ್ಲಿ ರೊಟ್ಟಿ ಮುರಿಯಲು ಬರಲಿಲ್ಲ. ಅವ್ವ ಬೈಯುತ್ತಲೇ ತುತ್ತು ಮಾಡಿ ಬಾಯಿಗಿಟ್ಟಳು. ಬಾಯಿ ತುಂಬ ರೊಟ್ಟಿ, ಹಾಗಾಗಿ ಎದುರು ಮಾತಿಲ್ಲ. ಅವ್ವನಿಗೆ ಇಷ್ಟು ಅನುಕೂಲ ಎಂದೂ ಸಿಕ್ಕಿರಲಿಲ್ಲ.

ಊಟ ಆದ ಮೇಲೆ ಟ್ರೇಸಿಂಗ್ ಪೇಪರ್ ಹಾಸಿ ಕೂತೆ. ಚಕ್ಕನ್ನು ತಿರುಗಿಸುವ ದಂಡ, ಸ್ಪಿಂಡಲ್ಲು, ಅದರ ಎಡತುದಿ ಹೆಡ್‌ಸ್ಟಾಕಿನ ಪೆಟ್ಟಿಗೆಯಿಂದ ಹೊರಗೆ ಚಾಚಿದೆ, ಅಲ್ಲಿ ಜಾಗ ಇದೆ. ಅದಕ್ಕೊಂದು ಡ್ರಮ್ ಕೂರಿಸಿದರೆ? ಕೆಳಗೆ ಪೆಡಲ್, ನಡುವೆ ಒಂದು ರಾಡ್. ಪೆಡಲ್ ಒತ್ತಿದ ಕೂಡಲೇ ಮೊದಲು ಮೋಟರ್ ಆಫ್, ಆಮೇಲೆ ಹಿಡಿತ.

ಅಪ್ಪ ಹಿಂದಿನಿಂದ ಬಗ್ಗಿ ನೋಡಿದರು.

"ಪೇಪರಿನ್ಯಾಗ ಎಲ್ಲಾ ನಿಂದ್ರತಾವ ಮಗಳ."

ಜನವರಿ 17, ಭಾನುವಾರ

ರಾಮದಾಸ ಹಳೆ ಸ್ಕೂಟರಿನ ಹಿಂದಿನ ಚಕ್ರದ ಬ್ರೇಕ್ ಡ್ರಮ್ಮು, ಒಳಗಿನಿಂದ ಹಿಡಿಯುವ ಶೂ ಸಮೇತ ತಂದುಕೊಟ್ಟ. ದುಡ್ಡು ಅಂದರೆ ಕೈ ಮುಗಿದ. "ಕಾಕಾರ ಕೈ ಉಳಿದ್ರ ಸಾಕ್ರಿ. ನನ್ನ ಬುಷ್ ಎಲ್ಲಾ ಮಾಡಿಕೊಡೋ ಕೈ ಅದು." ಸ್ವಾರ್ಥವೂ ಇದೆ, ಪ್ರೀತಿಯೂ ಇದೆ. ಇರಲಿ.

ರಾಣಿಗಂಜಿನ ಪೇಟೆಗೆ ಹೋಗಿ ಮೋಟರ್ ಆಫ್ ಮಾಡುವ ಲಿಮಿಟ್ ಸ್ವಿಚ್ಚು, ಸ್ಪ್ರಿಂಗು ತಂದೆ. ಎಲ್ಲ ಬಂತು. ಆದರೆ ಡ್ರಮ್ಮನ್ನು ಸ್ಪಿಂಡಲ್ಲಿಗೆ ಕೂರಿಸಲು ನಡುವೆ ಒಂದು ಬುಷ್, ಅಂದರೆ ಕಬ್ಬಿಣದ ಬಳೆ, ಬೇಕು. ಬುಷ್ ಮಾಡಲು ಲೇತ್ ಬೇಕು. ಲೇತ್ ಓಡಿಸಲು ಅಪ್ಪ ಬೇಕು. ಅಪ್ಪನ ಕೈ ಬ್ಯಾಂಡೇಜಿನಲ್ಲಿ.

"ನಾನೇ ಮಾಡ್ಲೇನ್ರಿ?" ಅಂದೆ.

"ಜಡಿ ಇದ್ದವರು ಲೇತಿನ ಹತ್ರ ಬರಬಾರದು."

ಚಿಕ್ಕಂದಿನಿಂದ ಇದೇ ಉತ್ತರ. ಡಿಪ್ಲೊಮಾ ಮಾಡಿದೆ, ಡ್ರಾಯಿಂಗ್ ಆಫೀಸ್ ಸೇರಿದೆ, ಶಾಫ್ಟು ಗೇರು ಎಷ್ಟು ಬಿಡಿಸಿದ್ದೇನೋ. ಮನೆಯ ಲೇತಿನಲ್ಲಿ ಒಂದು ಕಟ್ ತೆಗೆದಿಲ್ಲ. ಜಡೆ!

ಕೈ ಒಣಗುವವರೆಗೆ ಕಾಯಬೇಕು.

ಜನವರಿ 27, ಬುಧವಾರ. ಸಂಜೆ

ಹೊಲಿಗೆ ಬಿಚ್ಚಿದರು. ದವಾಖಾನೆಯಿಂದ ಬಂದವರು ಅಂಗಿ ಸಹ ಬದಲಿಸಲಿಲ್ಲ, ನೇರ ಲೇತಿಗೆ. ಬಾಗಿಲಲ್ಲಿ ಅವ್ವ.

"ಇದೊಂದು ಬುಷ್ ಅಷ್ಟ. ಬ್ರೇಕಿಂದು. ನಿನ್ನ ಬ್ರೇಕಿಂದೇ," ಅಪ್ಪ ಮಗುವಿನ ಹಾಗೆ ಸಮಜಾಯಿಷಿ ಕೊಟ್ಟರು. ಅವ್ವ ಮಣೆ ಹಾಕಿಕೊಂಡು ಅಲ್ಲೇ ಕೂತಳು, ಮುಗಿಯುವವರೆಗೆ.

ಬ್ರೇಕು ಗೀಕು ಬೇಡ ಅನ್ನುತ್ತಿದ್ದ ಮನುಷ್ಯ, ಬುಷ್ ಮಾಡಿದ್ದು ಮಾತ್ರ ಒಡವೆಯ ಹಾಗೆ. ನನ್ನ ಕೈಗೆ ಹಾಕುವಾಗ ಇನ್ನೂ ಬೆಚ್ಚಗಿತ್ತು. "ಡ್ರಾಯಿಂಗ್‌ದಾಗ ಇದ್ದಂಗ ಐತಿ ನೋಡಿಕೋ." ಇತ್ತು. ಕೂದಲೆಳೆಯೂ ಆಚೀಚೆ ಇಲ್ಲ.

ಜನವರಿ 31, ಭಾನುವಾರ. ಸಂಜೆ

ಇವತ್ತಿನದು ಬರೆಯಲೇಬೇಕು.

ಬೆಳಿಗ್ಗೆಯಿಂದ ಫಿಟ್ಟಿಂಗ್. ರಾಮದಾಸನೂ ಬಂದಿದ್ದ. ಡ್ರಮ್ಮು ಕೂತಿತು, ರಾಡ್ ಕೂತಿತು, ಪೆಡಲ್ ನೆಲದ ಉದ್ದಕ್ಕೂ — ಎಲ್ಲಿ ನಿಂತರೂ ಕಾಲಿಗೆ ಸಿಗುವ ಹಾಗೆ. ಮೂರು ಗಂಟೆಗೆ ಮೊದಲ ಟ್ರಯಲ್. ನಿಧಾನದ ಸ್ಪೀಡು. ನಾನು ಪೆಡಲ್ ಒತ್ತಿದೆ. ಟಕ್ — ಮೋಟರ್ ಆಫ್. ಚಕ್ ನಿಂತಿತು. ರಾಮದಾಸ ಶಿಳ್ಳೆ ಹಾಕಿದ. ಅವ್ವ ಚಹಾ ತಂದಳು.

"ಜೋರ್ ಸ್ಪೀಡಿಗೆ ನಿಂದ್ರಸ್ತೈತೇನು ನೋಡು," ಅಂದರು ಅಪ್ಪ. ಬೆಲ್ಟನ್ನು ಜೋರಿನ ಗಾಲಿಗೆ ಬದಲಿಸಿದರು. ಚಕ್ ಮಂಜಾಯಿತು, ದವಡೆ ಕಾಣದಷ್ಟು ಜೋರು. ನಾನು ಹುರುಪಿನಲ್ಲಿ ಪೂರಾ ಕಾಲು ಒತ್ತಿದೆ.

ಸ್ಪಿಂಡಲ್ ನಿಂತಿತು. ಚಕ್ ನಿಲ್ಲಲಿಲ್ಲ.

ಸ್ಪಿಂಡಲ್ಲಿನ ತಿರುಪಿನಿಂದ ತಾನೇ ಬಿಚ್ಚಿಕೊಂಡು ಹೊರಗೆ ಬಂತು. ಲೇತಿನ ಬೆಡ್ಡಿನ ಮೇಲೆ ಬಿತ್ತು — ದಢ್! — ಅಲ್ಲಿಂದ ನೆಗೆದು ನೆಲಕ್ಕೆ, ಶಹಾಬಾದಿ ಕಲ್ಲಿನ ಮೂಲೆ ಒಡೆದು, ಸುತ್ತುತ್ತ ಉರುಳುತ್ತ ರಸ್ತೆಯ ಕಡೆ ಹೋಗಿ ಶಟರಿನ ಚೌಕಟ್ಟಿಗೆ ಬಡಿದು ನಿಂತಿತು. ನನ್ನ ಮೊಣಕಾಲಿನ ಪಕ್ಕದಿಂದಲೇ ಹೋಯಿತು. ಸೀರೆಗೆ ಗಾಳಿ ತಾಗಿತು.

ಯಾರಿಗೂ ಏನೂ ಆಗಲಿಲ್ಲ. ಅಪ್ಪ ಶಟರ್ ಎಳೆದು ಒಳಗೆ ಹೋದರು. ಚಹಾ ಆರಿತು.

ಫೆಬ್ರವರಿ 1, ಸೋಮವಾರ

ಇವತ್ತು ಆಫೀಸಿನಲ್ಲಿ ಒಂದು ಗೆರೆಯೂ ನೆಟ್ಟಗೆ ಬರಲಿಲ್ಲ. ತಪ್ಪು ಎಲ್ಲಿ ಅಂತ ಮಾತ್ರ ಬಸ್ಸಿನಲ್ಲೇ ಹೊಳೆಯಿತು. ಚಕ್ಕನ್ನು ಬಿಚ್ಚುವುದೇ ಹಾಗೆ: ಸ್ಪಿಂಡಲ್ ಹಿಡಿದು ಚಕ್ ತಿರುಗಿಸುವುದು. ನಾನು ಸ್ಪಿಂಡಲ್ ಹಿಡಿದೆ. ಆ ಭಾರದ ಚಕ್ ತಿರುಗುವ ರಭಸದಲ್ಲಿ ತಾನೇ ಬಿಚ್ಚಿಕೊಂಡಿತು. ಸ್ಕೂಟರ್ ಬ್ರೇಕಿನ ಹಿಡಿತ ಅಷ್ಟು ಗಡಸು. ಫ್ಯಾಕ್ಟರಿಯ ಹೊಸ ಲೇತುಗಳಲ್ಲಿ ಚಕ್ ತಿರುಪಿನ ಮೇಲೆ ಇಲ್ಲ, ಬೇರೆ ಲಾಕ್ ಇದೆ. ಅದನ್ನು ನೋಡಿದ್ದೆ, ಲೆಕ್ಕಕ್ಕೆ ಹಿಡಿಯಲಿಲ್ಲ.

ಊಟಕ್ಕೆ ಕೂತಾಗ ಹೇಳಿದೆ. "ಬ್ರೇಕ್ ತಗದುಬಿಡ್ತೀನ್ರಿ ಅಪ್ಪ."

ಅಪ್ಪ ರೊಟ್ಟಿ ಮುರಿಯುತ್ತಿದ್ದರು. ಮುರಿದ ಚೂರು ತಟ್ಟೆಯಲ್ಲೇ ಇಟ್ಟರು.

"ನಿನ್ನಿ ನಾ ಯಾಕ ಎದ್ದು ಒಳಗ ಹೋದೆ ಗೊತ್ತೇನು? ಚಕ್ ಹೋದದ್ದಕ್ಕಲ್ಲ. ಜೋರ್ ಸ್ಪೀಡ್ ಹಾಕಿದಾವ ನಾನು. ನೀ ಪೆಡಲ್ ಮ್ಯಾಲ ನಿಂತಿದ್ದಿ, ಅದರ ಎದುರಿಗೇನ. ಚಕ್ ಬಿಚ್ಚಿಕೊಳ್ಳತೈತಿ ಅಂತ ನನಗ ಹೊಳೀಬೇಕಿತ್ತಿಲ್ಲೊ? ಆ ಚಕ್ ಎಷ್ಟು ಸರ್ತಿ ಬಿಚ್ಚೀನಿ, ಎಷ್ಟು ಸರ್ತಿ ಹಾಕೀನಿ..." ನೀರು ಕುಡಿದರು.

"ಇಬ್ಬರಿಗೂ ಹೊಳೀಲಿಲ್ಲ," ಅಂದಳು ಅವ್ವ. "ಈಗ ಹೊಳದೈತಿ. ಸರಿ ಮಾಡ್ರಿ. ಬ್ರೇಕ್ ಇಲ್ಲದ ಲೇತು ಈ ಮನ್ಯಾಗ ಬ್ಯಾಡ ಅಂದೀನಿ. ಬ್ರೇಕ್ ಬ್ಯಾಡ ಅಂದಿಲ್ಲ."

ಅಪ್ಪ ನಕ್ಕರು. ನಿನ್ನೆಯಿಂದ ಮೊದಲ ಸಲ.

ಫೆಬ್ರವರಿ 7, ಭಾನುವಾರ

ಸ್ಕೂಟರಿನ ಶೂ ತೆಗೆದು ರಾಮದಾಸನಿಗೆ ವಾಪಸ್. ಡ್ರಮ್ಮು ಅದೇ ಇರಲಿ, ಹೊರಗಿನಿಂದ ತೊಗಲಿನ ಪಟ್ಟಿ ಸುತ್ತಿದೆವು — ಹಳೆ ಬೆಲ್ಟಿನ ತುಂಡು. ಪೆಡಲ್ ಒತ್ತಿದಷ್ಟೂ ಬಿಗಿಯುತ್ತದೆ, ಗಕ್ಕನೆ ಕಚ್ಚುವುದಿಲ್ಲ. ಇದು ನನ್ನ ಐಡಿಯಾ.

ಇನ್ನೊಂದೂ ನನ್ನದೇ, ಆದರೆ ಹೇಳಲು ಧೈರ್ಯ ಬೇಕಿತ್ತು. ಚಕ್ಕಿನ ಹಿಂದಿನ ಪ್ಲೇಟಿಗೆ ತೂತು ಹಾಕಿ ಒಂದು ಸ್ಕ್ರೂ. ಬಿಗಿದರೆ ಚಕ್ ಸ್ಪಿಂಡಲ್ಲಿಗೆ ಲಾಕ್.

"ನನ್ನ ಚಕ್ಕಿಗೆ ತೂತು?"

"ಹೂಂ ರಿ."

"ತೂತು?"

ಯಾರೋ ಅವರ ಮೂಗು ಚುಚ್ಚುತ್ತೇವೆ ಅಂದ ಹಾಗೆ. ಎದ್ದು ಹೊರಗೆ ಹೋದರು. ರಾಮದಾಸನ ಸ್ಟೂಲ್ ಮೇಲೆ ಕೂತು ಬೀದಿ ನೋಡಿದರು. ನಾವು ಯಾರೂ ಕರೆಯಲಿಲ್ಲ. ಆಮೇಲೆ ತಾವೇ ಬಂದು ಡ್ರಿಲ್ ಬಿಟ್ ಆರಿಸತೊಡಗಿದರು.

"ಸ್ಕ್ರೂ ನೇರ ಬಡದ್ರ ಸ್ಪಿಂಡಲ್ಲಿಗೆ ಗಾಯ ಆಗ್ತೈತಿ. ತುದಿಗೆ ತಾಮ್ರದ ಚೂರು ಇಡೋಣು." ಇದು ಅವರ ಐಡಿಯಾ.

ಸಂಜೆ ಟ್ರಯಲ್. ಈ ಸಲ ಎಲ್ಲರೂ ಪಕ್ಕಕ್ಕೆ. ಪೆಡಲ್ಲಿಗೆ ಉದ್ದನೆಯ ಬಿದಿರು ಇಟ್ಟು ಅಪ್ಪ ದೂರದಿಂದ ಒತ್ತಿದರು. ನಿಧಾನ, ಮಧ್ಯಮ, ಜೋರು. ಮತ್ತೆ ಜೋರು. ಮತ್ತೆ. ಸ್ಸ್... ಅಂತ ನಿಂತಿತು, ಪ್ರತಿ ಸಲ. ಅಪ್ಪ ಸ್ಕ್ರೂ ಮುಟ್ಟಿ ನೋಡಿದರು. ಮಿಸುಕಿರಲಿಲ್ಲ.

ಅವ್ವ ಬಿಸಿ ಮಿರ್ಚಿ ಭಜಿ ಕರಿದಳು. ರಾಮದಾಸ ತಿಂದ ಲೆಕ್ಕ ಬೇಡ.

ಫೆಬ್ರವರಿ 10, ಬುಧವಾರ

ಬ್ರೇಕ್ ಇದೆ. ಅಪ್ಪ ಒತ್ತುವುದಿಲ್ಲ.

ಇವತ್ತು ನನಗೆ ರಜೆ, ಬಾಗಿಲಿನಿಂದ ನೋಡಿದೆ. ಮೋಟರ್ ಆಫ್. ಕೈ ತಾನಾಗಿ ಚಕ್ಕಿಗೆ ಹೋಯಿತು. ಪೆಡಲ್ ಮೇಲೆ ಕಬ್ಬಿಣದ ಸಿಪ್ಪೆ ಬಿದ್ದಿದೆ, ಯಾರೂ ತುಳಿಯದ ಮೆಟ್ಟಿಲಿನ ಹಾಗೆ.

"ಅಪ್ಪ!"

ಕೈ ಹಿಂದೆ ತೆಗೆದರು. ಕೈಯನ್ನೇ ನೋಡಿಕೊಂಡರು. "ಅಯ್ಯ, ನಾ ಕಳಿಸಲಿಲ್ಲ ಮಗಳ, ತಾನ ಹೋತು."

ಸುಳ್ಳಲ್ಲ. ಅದೇ ಕಷ್ಟ. ನನ್ನ ಡ್ರಾಯಿಂಗಿನಲ್ಲಿ ಇದಕ್ಕೆ ಯಾವ ಪಾರ್ಟ್ ಹಾಕಲಿ?

ಫೆಬ್ರವರಿ 11, ಗುರುವಾರ

ಅವ್ವ ಹಾಕಿದಳು!

ಬೆಳಿಗ್ಗೆ ಅಪ್ಪ ಸ್ನಾನಕ್ಕೆ ಹೋದಾಗ ಹರಳೆಣ್ಣೆಯಲ್ಲಿ ಅರಿಷಿಣ ಕಲಸಿ ಚಕ್ಕಿನ ಸುತ್ತ ದಪ್ಪಗೆ ಬಳಿದಳು. ಕೈ ಇಟ್ಟರೆ ಅಂಗೈ ಹಳದಿ. ಗ್ರೀಸಿನ ಕಪ್ಪಿನಲ್ಲಿ ಕಪ್ಪು ಕಾಣದು, ಹಳದಿ ಕಾಣುತ್ತದೆ. ನಾನು ಆಫೀಸಿಗೆ ಹೊರಟಿದ್ದವಳು ನಗು ತಡೆಯಲಾರದೆ ಬಸ್ ತಪ್ಪಿಸಿಕೊಂಡೆ.

ಅಪ್ಪ ಬಂದು ನೋಡಿ ನಿಂತರು. "ಏನಿದು? ಮಷೀನಿಗೆ ಮದುವಿ ಐತೇನು?"

"ಮಧ್ಯಾಹ್ನ ಕೈ ನೋಡ್ತೀನಿ," ಅಂದಳು ಅವ್ವ. "ಹಳದಿ ಇದ್ರ ಪಲ್ಯಾ ಇಲ್ಲ. ಬರೇ ರೊಟ್ಟಿ."

ಸಂಜೆ ಬಂದು ಕೇಳಿದೆ. ಅಪ್ಪ ಮಧ್ಯಾಹ್ನ ಬರೇ ರೊಟ್ಟಿ ತಿಂದರಂತೆ. ಅಂಗಿಯ ತುಂಬ ಹಳದಿ ಚುಕ್ಕೆ, ಗೋಡೆಗೂ ಚುಕ್ಕೆ. ಬುಷ್ ಒಯ್ಯಲು ಬಂದ ರಾಮದಾಸನ ಮೂಗಿನ ಮೇಲೊಂದು.

ಫೆಬ್ರವರಿ 13, ಶನಿವಾರ

ಬರೇ ರೊಟ್ಟಿ. ಆದರೆ ಒಂದೇ ಸಲ ಮರೆತದ್ದಂತೆ, ಅದೂ ಕಿರುಬೆರಳು. ಅಪ್ಪ ಕಿರುಬೆರಳು ತೋರಿಸಿ ವಾದಿಸಿದರು. ಅವ್ವ ಕರಗಿ ಅರ್ಧ ಸೌಟು ಪಲ್ಯ ಹಾಕಿದಳು.

ಫೆಬ್ರವರಿ 17, ಬುಧವಾರ

ಅಂಗೈ ಶುಭ್ರ. ಅಂದರೆ ಕಪ್ಪು. ಹಳದಿ ಇಲ್ಲ. ಬದನೆಕಾಯಿ ಎಣ್ಣಿಗಾಯಿ.

ಫೆಬ್ರವರಿ 24, ಬುಧವಾರ. ಸಂಜೆ ಏಳು

ಇದನ್ನು ಬರೆಯದೆ ಊಟ ಸೇರುವುದಿಲ್ಲ.

ನಾನು ಬಂದಾಗ ಅಂಗಡಿಯಲ್ಲಿ ಯೂಸುಫ್ ಮಿಯಾ ಇದ್ದರು. ಸುಲ್ತಾನ್ ಬಜಾರಿನಲ್ಲಿ ಕಬ್ಬಿನ ಹಾಲಿನ ಗಾಡಿ ಅವರದು. ಬೇಸಿಗೆ ಬರುವ ಮುಂಚೆ ಪ್ರತಿ ವರ್ಷ ಗಾಣದ ರೋಲರ್ ತರುತ್ತಾರೆ. ಸವೆದ ಮೈ ಸಮ ಮಾಡಿ ಹೊಸ ಗೀರು ಹಾಕಬೇಕು. ಆ ಉದ್ದನೆಯ ರೋಲರ್ ಲೇತಿನಲ್ಲಿ ತಿರುಗುತ್ತಿತ್ತು. ಅಪ್ಪನ ಎರಡೂ ಕೈ ಹ್ಯಾಂಡಲ್ಲುಗಳ ಮೇಲೆ.

"ಸೂಗಪ್ಪ ಭಾಯ್, ಇಧರ್ ಥೋಡಾ ದಬಾ ಹುವಾ ಹೈ ದೇಖೊ," ಅನ್ನುತ್ತ ಯೂಸುಫ್ ಮಿಯಾ ತಗ್ಗಾದ ಜಾಗವನ್ನು ಅಪ್ಪನಿಗೆ ಬೆರಳಿನಿಂದ ತೋರಿಸಲು ಬಗ್ಗಿದರು. ಕೊರಳಲ್ಲಿ ಚೌಕುಳಿ ರುಮಾಲು. ಅದರ ತುದಿ ಜಾರಿತು.

ನಾನು ಕೂಗಲು ಬಾಯಿ ತೆರೆದೆ. ಅಷ್ಟರಲ್ಲಿ ರೋಲರ್ ರುಮಾಲು ಹಿಡಿದಿತ್ತು. ಯೂಸುಫ್ ಮಿಯಾರ ತಲೆ ಕೆಳಗೆ ಹೋಯಿತು.

ಟಕ್. ಸ್ಸ್...

ನಿಂತಿತ್ತು. ರುಮಾಲು ಒಂದು ಸುತ್ತು ಸುತ್ತಿಕೊಂಡು ಬಿಗಿದಿತ್ತು. ಯೂಸುಫ್ ಮಿಯಾರ ಗಡ್ಡ ರೋಲರಿಗೆ ತಾಗಿತ್ತು, ಅಷ್ಟೇ. ಅಪ್ಪನ ಎರಡೂ ಕೈ ಹ್ಯಾಂಡಲ್ಲುಗಳ ಮೇಲೇ ಇದ್ದವು. ಬಲಗಾಲು ಪೆಡಲ್ ಮೇಲೆ.

ನಾನು ಹೋಗಿ ಬಿಗಿದ ಸುತ್ತು ಸಡಿಲಿಸಿ ರುಮಾಲು ಬಿಡಿಸಿದೆ. ಯೂಸುಫ್ ಮಿಯಾ ನೆಟ್ಟಗೆ ನಿಂತು ಕೊರಳು ಮುಟ್ಟಿಕೊಂಡರು. "ಜಾನ್ ಬಚಾಲಿಯೆ ಭಾಯ್ ತುಮ್..." ಜೀವ ಉಳಿಸಿದೆ ಅನ್ನುತ್ತ ಅಪ್ಪನನ್ನು ತಬ್ಬಿಕೊಂಡರು. ಇಬ್ಬರ ಅಂಗಿಗೂ ಗ್ರೀಸು.

ಅಪ್ಪ ಲೇತಿನ ಪಕ್ಕದ ಸ್ಟೂಲ್ ಮೇಲೆ ಕೂತರು. ಕಾಲು ಪೆಡಲ್ ಮೇಲೇ ಇತ್ತು. ತೆಗೆಯಲು ಮರೆತಿದ್ದರು.

"ಅಪ್ಪ, ಕಾಲು ತಗೀರಿ."

ಕೆಳಗೆ ನೋಡಿದರು. "ನಾ ಕಳಿಸಲಿಲ್ಲ ಮಗಳ," ಅಂದರು. ಕಣ್ಣು ತುಂಬಿತ್ತು.

ಅವ್ವ ಯೂಸುಫ್ ಮಿಯಾರಿಗೆ ಸಕ್ಕರೆ ನೀರು ಕೊಟ್ಟಳು. ರುಮಾಲು ಇಸಿದುಕೊಂಡು ಗೂಟಕ್ಕೆ ಹಾಕಿದಳು. "ಅಂಗಡ್ಯಾಗ ಇದ್ದಷ್ಟು ಹೊತ್ತು ಇದು ಇಲ್ಲೇ." ಕನ್ನಡ ತಿಳಿಯದಿದ್ದರೂ ಅವರು "ಹೌ ಭಾಭಿ, ಹೌ" ಅಂದರು.

ಫೆಬ್ರವರಿ 28, ಭಾನುವಾರ. ಬೆಳಿಗ್ಗೆ

ಕರೆಂಟ್ ಹೋಗಿದೆ. ಅದಕ್ಕೇ ಬರೆಯಲು ಪುರುಸೊತ್ತು.

ಎದ್ದು ಕಾಫಿ ಕುಡಿಯುತ್ತಿದ್ದೆ. ಅಪ್ಪ ಅಂಗಡಿಯಿಂದ ಕರೆದರು. ಹೋದರೆ ನೆಲ ಗುಡಿಸಿ, ಲೇತ್ ಒರೆಸಿ ಇಟ್ಟಿದ್ದಾರೆ. ಚಕ್ಕಿನಲ್ಲಿ ಒಂದು ಕಬ್ಬಿಣದ ರಾಡ್. ಕೈಯಲ್ಲಿ ಅವರ ಹಳೆಯ ಖಾಕಿ ಅಂಗಿ, ತೋಳು ಮೊಣಕೈಯ ಮೇಲಕ್ಕೆ ಕತ್ತರಿಸಿ ಮಡಿಚಿ ಹೊಲಿದದ್ದು. ಅವ್ವನ ಹೊಲಿಗೆ. ಅಂದರೆ ಇಬ್ಬರೂ ಮಾತಾಡಿಕೊಂಡಿದ್ದಾರೆ, ನನಗೆ ಹೇಳದೆ!

"ಜಡಿ ಗಂಟು ಹಾಕಿ ಟೊಪಗಿ ಹಾಕ್ಕೊಂಡು ಬಾ."

ಕೇಳಿದ್ದು ಸರಿಯೋ ತಪ್ಪೋ.

"ಜಡಿ ಜಡಿ ಅಂತಿದ್ದೆ. ಜಡಿ ಅಲ್ಲ," ಅಪ್ಪ ರಾಡಿಗೆ ಹೇಳುವ ಹಾಗೆ ಅದನ್ನೇ ನೋಡುತ್ತ ಹೇಳಿದರು. "ಏನಾರ ಆದ್ರ ಇದನ್ನ ನಿಂದ್ರಸಾಕ ನನ್ನ ಕೈಲೆ ಆಗಂಗಿಲ್ಲ ಅಂತ ಅಂಜಿಕಿ ಇತ್ತು. ಈಗ ನಿಂದ್ರತೈತಿ."

ಸೀರೆ ಬಿಟ್ಟು ಸಲ್ವಾರ್ ಹಾಕಿಕೊಂಡು ಓಡಿ ಬಂದೆ.

ಮೊದಲು ಬರೇ ಕಾಲಿನ ಪಾಠ. ಖಾಲಿ ಓಡಿಸುವುದು, ಅವರು "ನಿಂದ್ರು!" ಅಂದಾಗ ಒತ್ತುವುದು. ಅತ್ತ ನೋಡುತ್ತಿರುವಾಗ ಅನ್ನುತ್ತಾರೆ, ಮಾತಿನ ನಡುವೆ ಅನ್ನುತ್ತಾರೆ. ಅವ್ವ ಅಡುಗೆಮನೆಯಿಂದ ಸುಮ್ಮಸುಮ್ಮನೆ ಅನ್ನುತ್ತಾಳೆ, ಇಬ್ಬರೂ ಸೇರಿ ನನ್ನ ಕಾಲು ನೋಯಿಸಿದರು. "ಕೇಳೂದಕ್ಕ ಮೊದ್ಲ ಕಾಲು ಹೋಗಬೇಕು," ಅಂದರು ಅಪ್ಪ. ಕೊನೆಗೆ ಹೋಯಿತು.

ಆಮೇಲೆ ಹ್ಯಾಂಡಲ್ ನನ್ನ ಕೈಗೆ ಕೊಟ್ಟರು. ಎಣ್ಣೆಯ ಜಿಡ್ಡು, ಅವರ ಕೈಯ ಬಿಸಿ. ಟೂಲನ್ನು ರಾಡಿನ ಹತ್ತಿರ ತಂದೆ. ಇನ್ನೇನು ತಾಗಬೇಕು, ಸಿಪ್ಪೆ ಏಳಬೇಕು — ಕರೆಂಟ್ ಹೋಯಿತು!

ರಾಮದಾಸ ಆಚೆಯಿಂದ ಕೂಗಿ ನಗುತ್ತಿದ್ದಾನೆ. ಅಪ್ಪ ಮೀಟರ್ ಬೋರ್ಡಿನ ಮುಂದೆ ನಿಂತು ಈ ಊರಿನ ತೆಲುಗಿನಲ್ಲಿ ಬೈಯುತ್ತಿದ್ದಾರೆ. ಅವ್ವ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂತಾಗಿದೆ. ನಾನು ಖಾಕಿ ಅಂಗಿಯಲ್ಲೇ ಇದ್ದೇನೆ. ಬಿಚ್ಚುವುದಿಲ್ಲ. ಇವತ್ತು ಸಂಜೆಯಾದರೂ ಸರಿ, ಆ ರಾಡಿನ ಮೊದಲ ಸಿಪ್ಪೆ ನಾನೇ —

ಬಂತು! ಬಲ್ಬು ಹತ್ತಿತು. ಅಪ್ಪ ಕರೆಯುತ್ತಿದ್ದಾರೆ, ಹೊರಟೆ.